ಮುಂದೇನು, ಎನಿಡ್?

ಹೋಬಾರ್ಟ್
12 ಮಾರ್ಚ್ 1993

ಪ್ರೀತಿಯ ಗ್ಲೆನ್,

ಇವತ್ತು ಬೆಳಿಗ್ಗೆ ಪಿಎಚ್.ಡಿ. ಪ್ರಬಂಧ ಒಪ್ಪಿಸಿ ಬಂದೆ. ಮುಗಿಯಿತು.

ಇಷ್ಟು ಬರೆದು, ಪೆನ್ನು ಕೆಳಗಿಟ್ಟು, ಎದ್ದು ಹೋಗಿ ಚಹಾ ಮಾಡಿಕೊಂಡು ಬಂದೆ. ಆ ಒಂದು ಪದದ ಮುಂದೆ ಏನು ಬರೆಯಬೇಕೆಂದು ತೋಚಲಿಲ್ಲ, ಅದಕ್ಕೆ.

ನಿಮ್ಮಪ್ಪ ತೀರಿಕೊಂಡ ಮರುವರ್ಷ ಶಾಲಾ ಕ್ಯಾಂಟೀನಿನಲ್ಲಿ ಸ್ಯಾಂಡ್‌ವಿಚ್ ಕಟ್ಟುವ ಕೆಲಸ ಬಿಟ್ಟು ನಾನು ಕಾಲೇಜು ಸೇರಿದಾಗ ನೀನು ಅಂದದ್ದು ನೆನಪಿದೆಯೇ? "ಅಮ್ಮಾ, ಓದು ಬೇಡ ಅಂತ ಶಾಲೆಯಿಂದ ಓಡಿ ಬಂದೋನು ನಾನು. ನೀನು ನೋಡಿದ್ರೆ ಅಲ್ಲಿಗೇ ಓಡಿ ಹೋಗ್ತಿದೀಯಲ್ಲ!" ಎರಡು ವರ್ಷ ಓದಿ ಬಿಟ್ಟುಬಿಡುತ್ತಾಳೆ ಎಂದುಕೊಂಡಿದ್ದೆ ನೀನು. ನಾನೂ ಹಾಗೇ ಎಂದುಕೊಂಡಿದ್ದೆ. ಆಮೇಲೆ ಈ ಪಾಚಿ ಸಿಕ್ಕಿತು. ಹಳೆಯ ಕಾಡಿನ ಮರಗಳ ಮೇಲೆ ಬೆಳೆಯುವ, ಯಾರೂ ಬಗ್ಗಿ ನೋಡದ ಹಸಿರು. ಬಗ್ಗಿ ನೋಡಿದವಳು ಮತ್ತೆ ಬೆನ್ನು ನೆಟ್ಟಗೆ ಮಾಡಲೇ ಇಲ್ಲ.

ಕಚೇರಿಯ ಕಿಟಕಿಯಲ್ಲಿ ಕುಳಿತ ಹುಡುಗಿ ದಪ್ಪ ಪ್ರತಿಗಳನ್ನು ಎಳೆದುಕೊಂಡು ನನ್ನ ಕಡೆ ನೋಡಿದಳು. "ಯಾಕೆ, ವಿದ್ಯಾರ್ಥಿಗೆ ಬರೋಕಾಗ್ಲಿಲ್ವಾ? ನಿಮ್ಮನ್ನ ಕಳಿಸಿದ್ರಾ?"

"ನಾನೇ ಕಣಮ್ಮ ವಿದ್ಯಾರ್ಥಿ."

ಪಾಪ, ಅವಳ ಮುಖ ಕೆಂಪಾಯಿತು. ಧಡ್ ಧಡ್ ಅಂತ ಮುದ್ರೆ ಒತ್ತಿದಳು. ಇಷ್ಟು ವರ್ಷಗಳ ಕೆಲಸ, ಅಷ್ಟೇ ಸದ್ದು.

ಹೊರಗೆ ಬಂದರೆ ಇನ್ನೂ ಬೆಳಗಿನ ಹೊತ್ತು. ಎಲ್ಲಿಗೆ ಹೋಗಬೇಕೆಂದು ಗೊತ್ತಾಗಲಿಲ್ಲ. ಕಾಲುಗಳು ತಾವಾಗಿಯೇ ಪ್ರಯೋಗಾಲಯದ ಕಡೆ ತಿರುಗಿದವು. ಅಲ್ಲಿ ನನ್ನ ಮೇಜಿನ ಮೇಲೆ ಆಗಲೇ ಬೇರೆ ಯಾರದೋ ಚೀಲ ಕುಳಿತಿತ್ತು. ನನ್ನ ಮಾರ್ಗದರ್ಶಕ ಹ್ಯಾಮಿಶ್ (ನಿನಗಿಂತ ನಾಲ್ಕೈದು ವರ್ಷ ದೊಡ್ಡವನು ಅಷ್ಟೇ, ನೆನಪಿದೆಯಲ್ಲ) ಅಪ್ಪಿಕೊಂಡು ಕೇಳಿದ, "ಮುಂದೇನು, ಎನಿಡ್?"

"ಊಟ" ಅಂದೆ. ಅವನು ನಕ್ಕ. ಬಂದರಿಗೆ ಹೋಗಿ ಒಬ್ಬಳೇ ಮೀನು ತಿಂದೆ. ಕಡಲಹಕ್ಕಿಗಳಿಗೇ ಹೆಚ್ಚು ಹಾಕಿದೆ.

ನನ್ನ ಮೊಮ್ಮಗಳು ಬ್ರೋನಿ ಹೇಗಿದ್ದಾಳೆ? ಸೊಸೆ ಶೆರಿಲ್‌ಗೆ ನನ್ನ ನೆನಪು ಹೇಳು. ನೀನು ಫೋನ್ ಮಾಡುವುದು ಬೇಡ. ಫೋನಿನಲ್ಲಿ ನಾವಿಬ್ಬರೂ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಅನ್ನುವುದು ಬಿಟ್ಟು ಬೇರೆ ಏನೂ ಮಾತಾಡುವುದಿಲ್ಲ. ಬರೆ.

ನಿನ್ನ ಅಮ್ಮ


ಲೇಡಿ ಬ್ಯಾರನ್, ಫ್ಲಿಂಡರ್ಸ್ ದ್ವೀಪ
4 ಏಪ್ರಿಲ್ 1993

ಅಮ್ಮ,

ಅಭಿನಂದನೆ. ದೋಣಿಯವರಿಗೆಲ್ಲ ಹೇಳಿದೆ. ನಮ್ಮ ಒಡೆಯ ಕೆವ್ ಕೇಳಿದ, "ಪಾಚಿ ಮೇಲೆ ಅಷ್ಟು ದಪ್ಪ ಪುಸ್ತಕಾನಾ? ನನ್ನ ದೋಣಿ ತಳ ನೋಡಿದ್ರೆ ಇನ್ನೊಂದು ಬರೀತಾರೇನೋ, ಕರ್ಕೊಂಡು ಬಾರೋ." ಕುಡಿದು ಸಂಭ್ರಮಿಸಿದೆವು. ನಿನ್ನ ಹೆಸರಿನಲ್ಲಿ, ನಿನ್ನ ಖರ್ಚಿಲ್ಲದೆ.

ಈ ಸಲ ಸಿಗಡಿ ಪರವಾಗಿಲ್ಲ. ಗಾಳಿ ಪಶ್ಚಿಮದಿಂದ. (ನೋಡು, ಪತ್ರದಲ್ಲೂ ಬರೆದೆ.)

ಶೆರಿಲ್ ಸ್ವಲ್ಪ ದಿನ ಲಾನ್ಸೆಸ್ಟನ್‌ನಲ್ಲಿ ಅವಳ ಅಕ್ಕನ ಮನೆಯಲ್ಲಿದ್ದಾಳೆ. ನಾನು ಸಮುದ್ರಕ್ಕೆ ಹೋದಾಗ ಪಕ್ಕದ ಮನೆಯ ಡಲ್ಸಿ ಬ್ರೋನಿಯನ್ನು ನೋಡಿಕೊಳ್ಳುತ್ತಾಳೆ. ತೊಂದರೆಯಿಲ್ಲ.

ನಿನ್ನ ಪತ್ರವನ್ನು ಬ್ರೋನಿಗೆ ಓದಿ ಹೇಳಿದೆ. ತುಂಬ ಹೊತ್ತು ಯೋಚನೆ ಮಾಡಿ ಕೇಳಿದಳು, "ಅಜ್ಜಿ ಶಾಲೆ ಮುಗೀತಾ? ಹಾಗಾದ್ರೆ ಈಗ ಅಜ್ಜಿ ದೊಡ್ಡವಳಾದ್ಲಾ?"

ಅಜ್ಜಿಯನ್ನೇ ಕೇಳುತ್ತೇನೆ ಅಂದೆ. ನೀನೇ ಉತ್ತರ ಕೊಡು.

ಗ್ಲೆನ್


ಹೋಬಾರ್ಟ್
23 ಮೇ 1993

ಪ್ರೀತಿಯ ಗ್ಲೆನ್,

ಬ್ರೋನಿಗೆ ಹೇಳು: ಇಲ್ಲ, ಇನ್ನೂ ಆಗಿಲ್ಲ.

ಪರೀಕ್ಷಕರ ವರದಿ ಬಂತು. ಪದವಿ ಕೊಡಬಹುದು ಎಂದಿದ್ದಾರೆ. ಒಬ್ಬರು "ತಾಳ್ಮೆಯ ಕೆಲಸ" ಎಂದು ಬರೆದಿದ್ದಾರೆ. ಹ್ಯಾಮಿಶ್ ಅದನ್ನು ದೊಡ್ಡ ಹೊಗಳಿಕೆ ಅಂದ. ಕಸೂತಿ ಹಾಕುವವರಿಗೂ ಹಾಗೇ ಹೇಳುತ್ತಾರಲ್ಲ ಎಂದು ನನಗೆ ಅನ್ನಿಸಿತು.

ಇನ್ನೊಂದು ಸುದ್ದಿ. ಒಂದು ಸಂಗ್ರಹಾಲಯದಲ್ಲಿ ಕೆಲಸವಿತ್ತು, ಸಂದರ್ಶನಕ್ಕೆ ಕರೆದಿದ್ದರು. ಮದುವೆಗೆ ಹೋಗುವವಳಂತೆ ನೀಲಿ ಕೋಟು ಹಾಕಿಕೊಂಡು ಹೋದೆ. ಮೂವರು ಕುಳಿತಿದ್ದರು. ಮಧ್ಯದವನು ಕೇಳಿದ, "ಇನ್ನು ಐದು ವರ್ಷಕ್ಕೆ ನಿಮ್ಮನ್ನ ನೀವು ಎಲ್ಲಿ ಕಾಣ್ತೀರಿ?"

"ಅರವತ್ತೆರಡನೇ ವಯಸ್ಸಿನಲ್ಲಿ" ಅಂದೆ.

ತಮಾಷೆಗೆ ಅಂದದ್ದು. ಯಾರೂ ನಗಲಿಲ್ಲ. ಕೆಲಸ ಇಪ್ಪತ್ತೇಳು ವರ್ಷದ ಒಬ್ಬ ಹುಡುಗಿಗೆ ಸಿಕ್ಕಿತು. ಅವಳು ನನಗೆ ಗೊತ್ತು. ನನ್ನ ಮೇಜಿನ ಮೇಲೆ ಚೀಲ ಇಟ್ಟವಳು ಅವಳೇ. ಒಳ್ಳೆಯ ಹುಡುಗಿ. ಸುದ್ದಿ ತಿಳಿದ ದಿನ ಹೂ ತಂದುಕೊಟ್ಟಳು, ಮತ್ತೆ ನನ್ನ ಅಡುಗೆಮನೆಯಲ್ಲಿ ಕುಳಿತು ಅವಳೇ ಅತ್ತಳು. ನಾನೇ ಸಮಾಧಾನ ಮಾಡಿ ಕಳಿಸಿದೆ.

ಬೆಳಿಗ್ಗೆ ಏಳುತ್ತೇನೆ. ಬೂಟು ಹಾಕಿಕೊಳ್ಳುತ್ತೇನೆ. ಆಮೇಲೆ ಬೂಟು ಯಾಕೆ ಹಾಕಿಕೊಂಡೆ ಎಂದು ಯೋಚಿಸುತ್ತೇನೆ.

ಗ್ಲೆನ್, ಶೆರಿಲ್‌ಳ "ಸ್ವಲ್ಪ ದಿನ" ಎಷ್ಟು ದಿನವಾಯಿತು? ನೀನು ಹೇಳುವುದಿಲ್ಲ, ನಾನು ಕೆದಕುವುದಿಲ್ಲ. ಆದರೆ ನನಗೊಂದು ಯೋಚನೆ ಬಂದಿದೆ. ಈ ಮನೆ ಬಾಡಿಗೆಯದು, ಬಿಡುವುದು ಕಷ್ಟವಲ್ಲ. ನಾನು ಅಲ್ಲಿಗೇ ಬಂದುಬಿಟ್ಟರೆ ಹೇಗೆ? ಬ್ರೋನಿಗೆ ಒಬ್ಬರು ಬೇಕು. ನಿನಗೆ ಬಿಸಿ ಊಟ ಬೇಕು. ನನಗೂ ಇಲ್ಲಿ ಕಡಿದು ಕಟ್ಟೆ ಹಾಕುವ ಕೆಲಸವೇನೂ ಇಲ್ಲ.

ನಿನ್ನ ಅಮ್ಮ


ಲೇಡಿ ಬ್ಯಾರನ್
11 ಜೂನ್ 1993

ಅಮ್ಮ,

ಶೆರಿಲ್ ವಾಪಸ್ಸು ಬರುವುದಿಲ್ಲ. ಅಲ್ಲಿ ಕೆಲಸ ಹಿಡಿದಿದ್ದಾಳೆ. ಜಗಳವೇನೂ ಆಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತೇನೋ. "ಈ ಗಾಳಿ ನಂಗೆ ಸಾಕಾಯ್ತು ಗ್ಲೆನ್" ಅಂದಳು. ಗಾಳಿ ಅಂದದ್ದು ಗಾಳಿಗೋ ನನಗೋ ಗೊತ್ತಿಲ್ಲ. ರಜೆಯಲ್ಲಿ ಬ್ರೋನಿ ಅವಳ ಹತ್ತಿರ ಹೋಗುತ್ತಾಳೆ. ಇಗೋ, ಹೇಳಿದೆ.

ಈಗ ಇನ್ನೊಂದು ಮಾತು. ಕೋಪ ಮಾಡಿಕೊಳ್ಳಬೇಡ. ಮಾಡಿಕೊಂಡರೂ ಸರಿ.

ಬರಬೇಡ.

ನೀನು ಬರೆದದ್ದನ್ನು ಎರಡು ಸಲ ಓದಿದೆ. ಮೊದಲು ಕೆಲಸ ಸಿಗಲಿಲ್ಲ ಅಂತಿದೆ, ಆಮೇಲೆ ಬೂಟಿನ ಮಾತಿದೆ, ಆಮೇಲೆ ಬ್ರೋನಿಗೆ ಒಬ್ಬರು ಬೇಕು ಅಂತಿದೆ. ಅದೇ ಕ್ರಮದಲ್ಲಿ. ಬೇರೆ ಎಲ್ಲೂ ಹೋಗಲು ಜಾಗವಿಲ್ಲ ಅಂತ ನೀನು ಇಲ್ಲಿಗೆ ಬಂದರೆ ನಾನು ಏನು ಮಾಡಲಿ? ದಿನಾ ಸಂಜೆ ದೋಣಿ ಇಳಿದು ಬಂದು ನಿನ್ನ ಮುಖ ನೋಡಬೇಕು. ನೀನು ಸ್ಟೂ ಕಲಕುತ್ತಾ ನಿಂತಿರುತ್ತೀಯ, ನಿನ್ನ ತಲೆ ಇನ್ನೆಲ್ಲೋ ಇರುತ್ತದೆ. ನಾನು ಹುಡುಗನಾಗಿದ್ದಾಗ ನೋಡಿದ್ದೇನೆ ಆ ಮುಖ. ಅಪ್ಪನಿಗೆ ಊಟ ಬಡಿಸುತ್ತಾ ಕಿಟಕಿಯ ಆಚೆ ನೋಡುತ್ತಿದ್ದೆಯಲ್ಲ, ಅದು.

ಆ ಮುಖ ಹೋಗಲಿ ಅಂತಲೇ ನೀನು ಓದಲು ಹೋದದ್ದು ಅಂತ ನಾನು ತಿಳಿದಿದ್ದೆ.

ಗ್ಲೆನ್


ಹೋಬಾರ್ಟ್
2 ಜುಲೈ 1993

ಗ್ಲೆನ್,

ನಿನ್ನ ಪತ್ರ ತಲುಪಿತು. ಬೆಟ್ಟದ ಮೇಲೆ ಹಿಮ ಬಿದ್ದಿದೆ. ನಲ್ಲಿ ಹೆಪ್ಪುಗಟ್ಟಿತ್ತು.

ನ್ಯೂಜಿಲೆಂಡಿನ ಡುನೇಡಿನ್‌ನಿಂದ ನನಗೊಂದು ಪತ್ರ ಬಂದಿದೆ. ಅದರ ವಿಷಯ ಆಮೇಲೆ ಬರೆಯುತ್ತೇನೆ.

ಬ್ರೋನಿಗೆ ಉಣ್ಣೆಯ ಟೋಪಿ ಕಳಿಸಿದ್ದೇನೆ. ಕಿವಿ ಮುಚ್ಚುವ ಹಾಗೆ ಹಾಕು.

ಅಮ್ಮ


ಲೇಡಿ ಬ್ಯಾರನ್
20 ಜುಲೈ 1993

ಎನಿಡ್ ಅವರಿಗೆ,

ನಾನು ಡಲ್ಸಿ, ಗ್ಲೆನ್ ಪಕ್ಕದ ಮನೆಯವಳು. ಹೋದ ಸಲ ನೀವು ಬಂದಾಗ ನನ್ನ ಕೋಳಿಗೂಡಿನ ಬೇಲಿ ಮೇಲೆ ಏನೋ ಅಪರೂಪದ್ದು ಬೆಳೆದಿದೆ ಅಂತ ಅರ್ಧ ಗಂಟೆ ಬಗ್ಗಿ ನಿಂತಿದ್ದಿರಲ್ಲ, ಕೋಳಿಗಳೆಲ್ಲ ಹೆದರಿ ಮೊಟ್ಟೆ ಇಡೋದೇ ನಿಲ್ಲಿಸಿದ್ದುವಲ್ಲ, ಅದೇ ಡಲ್ಸಿ.

ಹೋದ ಗುರುವಾರ ಸಿಗಡಿ ಬುಟ್ಟಿ ಮೇಲೆತ್ತುವ ರಾಟೆಗೆ ಗ್ಲೆನ್‌ನ ಎಡಗೈ ಸಿಕ್ಕಿಕೊಂಡಿತು. ವಿಮಾನದಲ್ಲಿ ಲಾನ್ಸೆಸ್ಟನ್ ಆಸ್ಪತ್ರೆಗೆ ಒಯ್ದರು. ಎರಡು ಬೆರಳು ಹೋದವು. ಪ್ರಾಣಕ್ಕೇನೂ ಇಲ್ಲ, ಹೆದರಬೇಡಿ. ನಾಳೆ ವಾಪಸ್ಸು ಕಳಿಸುತ್ತಾರೆ.

ನಿಮಗೆ ತಿಳಿಸಬಾರದು ಅಂತ ಹಟ ಅವನದು. "ಡಲ್ಸಿ, ಅಮ್ಮಂಗೆ ಫೋನ್ ಮಾಡಿದ್ರೆ ನಿನ್ನ ಜತೆ ಮಾತೇ ಬಿಡ್ತೀನಿ" ಅಂದ. ಸರಿಯಪ್ಪ ಅಂದೆ. ಪತ್ರ ಬರೀಬೇಡ ಅಂತ ಅವನು ಹೇಳಲಿಲ್ಲ.

ಮಗು ನನ್ನ ಹತ್ತಿರ ಇದೆ. ಗಟ್ಟಿಗಿತ್ತಿ. ಆದರೆ ನನಗೂ ವಯಸ್ಸಾಯಿತು, ಮಂಡಿ ನೋವು. ಒಂದು ಕೈಯಲ್ಲಿ ಒಬ್ಬ ಗಂಡಸು ಆಲೂಗಡ್ಡೆ ಸುಲಿಯೋದನ್ನ ನಾನು ನೋಡಲಾರೆ.

ನಿಮ್ಮಿಬ್ಬರ ಮಧ್ಯೆ ಏನಿದೆಯೋ ನನಗೆ ಬೇಡ. ಬನ್ನಿ.

ಡಲ್ಸಿ


ಲೇಡಿ ಬ್ಯಾರನ್
19 ಸೆಪ್ಟೆಂಬರ್ 1993

ಅಮ್ಮ,

ನಿನ್ನ ವಿಮಾನ ಹಾರಿ ಒಂದು ಗಂಟೆಯಾಗಿರಲಿಲ್ಲ, ಫೋನ್ ಬಂತು. ಹ್ಯಾಮಿಶ್.

"ಎನಿಡ್ ಇದ್ದಾರಾ?"

"ಈಗಷ್ಟೇ ಹೊರಟ್ರು. ಏನಾದ್ರೂ ಹೇಳ್ಬೇಕಿತ್ತಾ?"

"ಏನಿಲ್ಲ, ಡುನೇಡಿನ್ ವಿಷಯ. ಆಗಸ್ಟ್ ಕೊನೆವರೆಗೂ ಕಾದ್ರಂತೆ ಅವರು. ಇವರಿಂದ ಉತ್ತರಾನೇ ಇಲ್ಲ. ಈಗ ಬೇರೆಯವರನ್ನ ತಗೊಂಡಿದಾರೆ. ಬೇಜಾರಾಯ್ತು ನಂಗೆ. ನಿಮ್ಮ ಕೈಗೆ ಹಾಗಾದ್ಮೇಲೆ ಎನಿಡ್ ಆದ್ರೂ ಏನ್ ಮಾಡ್ತಾರೆ, ಅಲ್ವಾ?"

ಎರಡು ವರ್ಷದ ಕೆಲಸವಂತೆ. ಒಂದು ಕೋಣೆ ತುಂಬ ಪಾಚಿಯ ಸಂಗ್ರಹವಂತೆ. ನಿನ್ನನ್ನೇ ಹೆಸರು ಹಿಡಿದು ಕರೆದಿದ್ದರಂತೆ. ಪರೀಕ್ಷಕರಲ್ಲಿ ಒಬ್ಬಳು ಅಲ್ಲಿಯವಳಂತೆ. ಇದನ್ನೆಲ್ಲ ನನಗೆ ಫೋನಿನಲ್ಲಿ ಹ್ಯಾಮಿಶ್ ಹೇಳಬೇಕೇ?

ನೀನು ಇಷ್ಟು ದಿನ ಇಲ್ಲಿದ್ದೆ. ನನ್ನ ಅಂಗಿಯ ಗುಂಡಿ ಹಾಕಿದೆ, ಬ್ಯಾಂಡೇಜು ಬದಲಿಸಿದೆ, ಬ್ರೋನಿಗೆ ಕಥೆ ಹೇಳಿದೆ, ಡಲ್ಸಿಯ ಜತೆ ಇಸ್ಪೀಟು ಆಡಿದೆ. ಒಂದು ದಿನವೂ ಬಾಯಿ ಬಿಡಲಿಲ್ಲ. ಊರಿನವರೆಲ್ಲ "ಎಂಥಾ ತಾಯಿ ಕಣೋ" ಅನ್ನುತ್ತಾರೆ. ಹೌದು ಅನ್ನುತ್ತೇನೆ.

ನಾನೇನು ನಿನ್ನನ್ನು ಹಿಡಿದಿಟ್ಟೆನಾ? ಇನ್ನು ಮೇಲೆ ಯಾರಾದರೂ ನಿನ್ನನ್ನು ಕೇಳಿದರೆ ಏನು ಹೇಳುತ್ತೀಯ, ಮಗನ ಬೆರಳು ಹೋಯಿತು, ಅದಕ್ಕೇ ನನ್ನ ಬಾಳು ಹೀಗಾಯಿತು ಅಂತಲಾ? ಆ ಭಾರ ನನಗೆ ಬೇಡ. ನನಗೆ ಬೆರಳು ಹೋದದ್ದೇ ಸಾಕು.

ಗ್ಲೆನ್


ಹೋಬಾರ್ಟ್
17 ಅಕ್ಟೋಬರ್ 1993

ಪ್ರೀತಿಯ ಗ್ಲೆನ್,

ಈ ಪತ್ರವನ್ನು ನಾಲ್ಕಾರು ಸಲ ಬರೆದು ಹರಿದೆ. ಅವುಗಳಲ್ಲೆಲ್ಲ ನಾನು ತುಂಬ ಒಳ್ಳೆಯವಳಾಗಿದ್ದೆ.

ನಿನ್ನ ಕೈಗೂ ಅದಕ್ಕೂ ಸಂಬಂಧವಿಲ್ಲ. ಡುನೇಡಿನ್ ಪತ್ರ ಬಂದಾಗ ನಿನ್ನ ಕೈ ನೆಟ್ಟಗೇ ಇತ್ತು. ಅದನ್ನು ಓದಿದ ಕೂಡಲೇ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಹೆದರಿದೆ. ಮಡಿಚಿ ಸಕ್ಕರೆ ಡಬ್ಬಿಯ ಹಿಂದೆ ಇಟ್ಟೆ. ಆಮೇಲೆ ಡಲ್ಸಿ ಬರೆದಳು. ಗ್ಲೆನ್, ನಿನ್ನ ನೋವು ಕೇಳಿ ನನ್ನ ಜೀವ ಹಾರಿಹೋಯಿತು, ಅದು ನಿಜ. ಅದರ ಜತೆಗೇ, ಬಟ್ಟೆ ತುಂಬಿಕೊಳ್ಳುತ್ತಿದ್ದಾಗ, ಎದೆಯೊಳಗೆ ಏನೋ ಹಗುರವಾಯಿತು. ಸದ್ಯ, ಈಗ ಯಾರೂ ಏನೂ ಕೇಳುವುದಿಲ್ಲ ಅನ್ನಿಸಿತು. ಅದೂ ನಿಜ. ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು.

ಅಲ್ಲಿದ್ದಾಗ ದಿನಾ ಬ್ರೆಡ್ಡು ತರಲು ಅಂಚೆ ಕಚೇರಿಯ ಮುಂದೆಯೇ ಹೋಗುತ್ತಿದ್ದೆ. ಒಂದು ಸಾಲು ಬರೆದರೆ ಸಾಕಿತ್ತು. ನಿನ್ನ ಕೈ ನನಗೆ ಅನುಕೂಲವಾಯಿತು, ಮಗನೇ.

ಯಾಕೆ ಹೆದರಿದೆ? ಓದುತ್ತಿರುವಷ್ಟು ದಿನ ನನಗೊಂದು ಹೆಸರಿತ್ತು. ಯಾರು ನೀವು ಎಂದರೆ ವಿದ್ಯಾರ್ಥಿನಿ. ವಿದ್ಯಾರ್ಥಿನಿ ತಪ್ಪು ಮಾಡಬಹುದು. ಇನ್ನೂ ಕಲಿಯುತ್ತಿದ್ದಾಳೆ, ಪಾಪ. ಪ್ರಬಂಧ ಮುಗಿಯದೆ ಇದ್ದಷ್ಟು ದಿನ ಅದು ಎಷ್ಟು ಬೇಕಾದರೂ ಚೆನ್ನಾಗಿರಬಹುದಿತ್ತು. ಮುಗಿದ ಮೇಲೆ ಅದು ಇರುವಷ್ಟೇ. ನಾನೂ ಇರುವಷ್ಟೇ. ಡುನೇಡಿನ್‌ನಲ್ಲಿ ಬಾಗಿಲು ತೆಗೆದು "ಬನ್ನಿ ಡಾಕ್ಟರ್ ಟ್ರೆಲೋರ್, ಇದರ ಬಗ್ಗೆ ನಿಮಗೇನು ಅನ್ನಿಸುತ್ತೆ?" ಎಂದು ಕೇಳುವವರಿದ್ದರು. ಸ್ಯಾಂಡ್‌ವಿಚ್ ಕಟ್ಟುವ ಹೆಂಗಸು ಏನು ಹೇಳಿಯಾಳು? ಮೊಮ್ಮಗಳಿಗೆ ಜಡೆ ಹಾಕುವಾಗ ಯಾರೂ ಹಾಗೆ ಕೇಳುವುದಿಲ್ಲ.

ನೀನು ಜೂನ್‌ನಲ್ಲಿ ಬರೆದದ್ದು ಸರಿ. ಆಗ ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಬ್ರೋನಿಯ ಟೋಪಿಯನ್ನು ಒಂದೇ ಉಸಿರಿಗೆ ಹೆಣೆದು ಮುಗಿಸಿದೆ. ಅದಕ್ಕೇ ಅದು ಅಷ್ಟು ಬಿಗಿ.

ಹೋದ ವಾರ ಡುನೇಡಿನ್‌ಗೆ ನಾನೇ ಫೋನ್ ಮಾಡಿದೆ. ಆ ಪರೀಕ್ಷಕಿ ಸಿಕ್ಕಳು. ಕ್ಷಮೆ ಕೇಳಿದೆ. ಕಾರಣ ಹೇಳಲಿಲ್ಲ. ಅವಳು ಅಂದಳು, "ಆ ಜಾಗ ಹೋಯ್ತು, ಅದಕ್ಕೇನೂ ಮಾಡೋಕಾಗಲ್ಲ. ನಿಮ್ಗೆ ಟೆಂಟಿನಲ್ಲಿ ಮಲಗೋಕಾಗುತ್ತಾ?"

"ಮಲಗೋಕಾಗುತ್ತೆ. ಏಳೋದೇ ಸ್ವಲ್ಪ ನಿಧಾನ."

ಅವಳು ನಕ್ಕಳು. ನ್ಯೂಜಿಲೆಂಡಿನ ದಕ್ಷಿಣದ ತುದಿಯಲ್ಲಿರುವ ಸ್ಟೀವರ್ಟ್ ದ್ವೀಪದ ಕಾಡಿನಲ್ಲಿ ಬೇಸಿಗೆಯ ಸಮೀಕ್ಷೆಯಿದೆ. ಮಾರ್ಚ್ ಕೊನೆಯವರೆಗೆ. ಸಂಬಳ ಹೆಸರಿಗೆ ಮಾತ್ರ. ಆಮೇಲೆ ಏನೂ ಇಲ್ಲ. ಅದನ್ನು ಅವಳು ಎರಡು ಸಲ ಹೇಳಿದಳು. ಬರುತ್ತೇನೆ ಅಂದೆ. ಪದವಿ ಪ್ರದಾನದ ದಿನ ನಾನು ಇಲ್ಲಿರುವುದಿಲ್ಲ. ಪದವಿಪತ್ರವನ್ನು ಅಂಚೆಯಲ್ಲಿ ಕಳಿಸುತ್ತಾರಂತೆ.

ಈ ಪತ್ರಕ್ಕೆ ನೀನು ಉತ್ತರ ಬರೆಯಲೇಬೇಕೆಂದಿಲ್ಲ.

ನಿನ್ನ ಅಮ್ಮ


ಸ್ಟೀವರ್ಟ್ ದ್ವೀಪ
6 ಫೆಬ್ರವರಿ 1994

ಪ್ರೀತಿಯ ಗ್ಲೆನ್,

ನಿನ್ನಿಂದ ಪತ್ರವಿಲ್ಲ. ಬ್ರೋನಿಯ ಕ್ರಿಸ್ಮಸ್ ಕಾರ್ಡು ಬಂತು. ಅದರಲ್ಲಿ ಅವಳು ಬರೆದ ಚಿತ್ರದಲ್ಲಿ ಮನುಷ್ಯರಿಗೆಲ್ಲ ಐದೈದು ಬೆರಳು, ಒಬ್ಬನಿಗೆ ಮಾತ್ರ ಒಂದು ಕೈಯಲ್ಲಿ ಮೂರು. ಎಷ್ಟು ಹೊತ್ತು ನೋಡಿದೆನೋ.

ಇಲ್ಲಿ ಮಳೆ. ಒಣಗಿದ್ದು ಅನ್ನುವುದು ಏನೂ ಇಲ್ಲ, ಉಪ್ಪು ಕೂಡ. ನನ್ನ ಜತೆ ಇರುವವಳು ಮೆರೆ. ಇದೇ ದ್ವೀಪದ ಹುಡುಗಿ, ಎಂ.ಎಸ್ಸಿ. ಮುಗಿಸುತ್ತಿದ್ದಾಳೆ. ನನ್ನನ್ನು ಆಂಟಿ ಅನ್ನುತ್ತಾಳೆ. ಮೊದಲ ವಾರ ನಾನು ಸೊಂಟದವರೆಗೆ ಕೆಸರಿನಲ್ಲಿ ಹೂತುಹೋದೆ. ಅವಳು ಎಳೆದೆಳೆದು ಮೇಲೆ ತಂದಳು. ಆಮೇಲೆ ಇಬ್ಬರೂ ಒದ್ದೆ ಮರದ ಮೇಲೆ ಕುಳಿತು ಬಿಸ್ಕತ್ತು ತಿಂದೆವು. ನನ್ನ ಕೆಸರಾದ ತೋಳಿನ ಪಕ್ಕದಲ್ಲೇ ತೊಗಟೆಯ ಮೇಲೆ ಒಂದು ಪಾಚಿ ಇತ್ತು. ಮೆರೆ ಅದರ ಹೆಸರು ಹೇಳಿದಳು. ನಾನು ಯೋಚನೆಯಿಲ್ಲದೆ "ಅಲ್ಲ, ಅದಲ್ಲ" ಅಂದೆ.

"ಹೇಗೆ ಹೇಳ್ತೀರಾ ಆಂಟಿ?"

ಹೇಳಿದೆ. ತುಂಬ ಹೊತ್ತು ಹೇಳಿದೆ ಅಂತ ಕಾಣುತ್ತದೆ, ಬಿಸ್ಕತ್ತು ಕೈಯಲ್ಲೇ ನೆನೆದು ಕರಗಿತು. ಆಮೇಲೆ ಭಯವಾಯಿತು, ತಪ್ಪು ಹೇಳಿದ್ದರೆ? ಗುಡಿಸಲಿಗೆ ಹೋಗಿ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಆ ದಿನ ಹೇಳಿದ್ದು ಸರಿ ಇತ್ತು. ಮರುವಾರ ಇನ್ನೊಂದನ್ನು ಅಷ್ಟೇ ಗಟ್ಟಿಯಾಗಿ ಹೇಳಿದೆ, ಪೂರ್ತಿ ತಪ್ಪು. ಮೆರೆ ನಕ್ಕಳು, ನಾನೂ ನಕ್ಕೆ. ಆಕಾಶ ಕೆಳಗೆ ಬೀಳಲಿಲ್ಲ.

ಮೊನ್ನೆ ಸಂಜೆ ಅವಳು ಸೂಪು ಕಲಕುತ್ತಾ ಕೇಳಿದಳು, "ಇನ್ನೆರಡು ತಿಂಗಳಿಗೆ ನನ್ನ ಓದು ಮುಗಿಯುತ್ತೆ. ನಮ್ಮಪ್ಪ ದಿನಾ ಕೇಳ್ತಾನೆ, ಮುಂದೇನೇ ಅಂತ. ನೀವು ಇದಾದ್ಮೇಲೆ ಏನ್ ಮಾಡ್ತೀರಾ ಆಂಟಿ?"

"ಗೊತ್ತಿಲ್ಲ ಕಣೇ."

"ಅಯ್ಯೋ! ನಿಮ್ಗೇ ಗೊತ್ತಿಲ್ಲ ಅಂದ್ರೆ ನನ್ನ ಗತಿ ಏನು? ನಾನು ನಿಮ್ಮನ್ನ ನೋಡ್ಕೊಂಡು ಧೈರ್ಯ ತಂದ್ಕೊಳ್ತಿದ್ದೆ!"

ಅವಳಿಗೆ ಏನಾದರೂ ಬುದ್ಧಿಮಾತು ಹೇಳಬೇಕು ಅನ್ನಿಸಿತು. "ಸೂಪು ಹೊತ್ತುತ್ತೆ, ಕಲಕು" ಅಂದೆ.

ಏಪ್ರಿಲ್‌ನಲ್ಲಿ ಎಲ್ಲಿರುತ್ತೇನೋ ನನಗೆ ತಿಳಿಯದು. ಹೋಬಾರ್ಟಿನ ಮನೆ ಬಿಟ್ಟೆ, ಪೆಟ್ಟಿಗೆಗಳು ಹ್ಯಾಮಿಶ್‌ನ ಗ್ಯಾರೇಜಿನಲ್ಲಿವೆ. ಎರಡು ಕಡೆ ಅರ್ಜಿ ಹಾಕಿದ್ದೇನೆ. ಒಂದು ತಸ್ಮಾನ್ ಸಮುದ್ರದ ಆ ಕಡೆ ನಮ್ಮ ದೇಶದಲ್ಲಿ, ಒಂದು ಈ ಕಡೆ. ಎರಡೂ ಸಿಗದೇ ಇರಬಹುದು. ಆದರೆ ಬೆಳಿಗ್ಗೆ ಬೂಟು ಹಾಕಿಕೊಳ್ಳುವಾಗ ಈಗ ಯೋಚಿಸುವುದಿಲ್ಲ. ಅವು ಒದ್ದೆಯಾಗಿರುತ್ತವೆ, ಬೈದುಕೊಂಡು ಹಾಕಿಕೊಳ್ಳುತ್ತೇನೆ.

ನಿನ್ನ ಕೈ ಚಳಿಗೆ ನೋಯುತ್ತದೆಯೇ?

ನಿನ್ನ ಅಮ್ಮ


ಲೇಡಿ ಬ್ಯಾರನ್
13 ಮಾರ್ಚ್ 1994

ಅಮ್ಮ,

ನೋಯುತ್ತದೆ. ಇಲ್ಲದ ಬೆರಳುಗಳೇ ಹೆಚ್ಚು ನೋಯುತ್ತವೆ, ವಿಚಿತ್ರ.

ಅಕ್ಟೋಬರಿನ ನಿನ್ನ ಪತ್ರಕ್ಕೆ ಉತ್ತರ ಬರೆಯಲು ಬಹಳ ಸಲ ಕುಳಿತೆ. ನನಗೆ ನಿನ್ನ ಹಾಗೆ ಬರೆಯಲು ಬರುವುದಿಲ್ಲ. ಅದನ್ನು ಓದಿದ ದಿನ ಸಿಟ್ಟು ಬಂತು. ಒಂದು ವಾರ ಬಿಟ್ಟು ಓದಿದಾಗ ಬರಲಿಲ್ಲ. ಬೆರಳು ಹೋದಾಗ ನನಗೂ ಹಾಗೇ ಆಗಿತ್ತು, ಹೇಳಿರಲಿಲ್ಲ. ವಿಮಾನದಲ್ಲಿ ಮಲಗಿಸಿ ಒಯ್ಯುವಾಗ ಅನ್ನಿಸಿತು, ಸದ್ಯ, ಇನ್ನು ಶೆರಿಲ್ ಬರುತ್ತಾಳೆ ಅಂತ. ಬಂದಳು, ಆಸ್ಪತ್ರೆಗೆ. ದ್ರಾಕ್ಷಿ ತಂದಳು. ಪಕ್ಕದಲ್ಲಿ ಕುಳಿತಳು. ಹೋದಳು. ಕೈ ತೋರಿಸಿ ಯಾರನ್ನೂ ಉಳಿಸಿಕೊಳ್ಳಲಾಗುವುದಿಲ್ಲ ಅಂತ ಗೊತ್ತಾಯಿತು. ಅದಕ್ಕೇ ನಿನಗೆ ಹೇಳಬೇಡ ಅಂತ ಡಲ್ಸಿಗೆ ಅಂದದ್ದು.

ಈಗ ಕೆವ್‌ನ ದೋಣಿಯಲ್ಲಿ ಚುಕ್ಕಾಣಿ ಹಿಡಿಯುತ್ತೇನೆ. ರಾಟೆ ಬೇರೆಯವರು ನೋಡಿಕೊಳ್ಳುತ್ತಾರೆ. ಬ್ರೋನಿ ಶಾಲೆಗೆ ಸೇರಿದಳು. ನಾನು ಸಮುದ್ರದಲ್ಲಿದ್ದರೆ ಡಲ್ಸಿ ಅವಳನ್ನು ಕರೆತರುತ್ತಾಳೆ. ಅಡುಗೆ ನಾನೇ ಮಾಡುತ್ತೇನೆ. ಕೆಟ್ಟದಾಗಿರುತ್ತದೆ, ತಿನ್ನುತ್ತೇವೆ. ಮನೆ ಗುಡಿಸಿದೆ. ಔಷಧಿ ನಿಂತಿದೆ. ಇಲ್ಲಿ ಯಾರಿಗೂ ಏನೂ ಆಗಿಲ್ಲ.

ನಿನ್ನ ಕೆಲಸ ಈ ತಿಂಗಳು ಮುಗಿಯುತ್ತದೆ. ಆಮೇಲೆ ಏನು ಅಂತ ನಾನು ಕೇಳುವುದಿಲ್ಲ. ಅರ್ಜಿ ಹಾಕಿದ ಕಡೆಯಿಂದ ಕರೆದರೆ ಆ ದಿನವೇ ಹೊರಡು, ವಿಮಾನಕ್ಕೆ ನಾನೇ ಬಿಡುತ್ತೇನೆ.

ನಿನ್ನನ್ನು ಕರೆಯಲು ಏನಾದರೊಂದು ಕಾರಣ ಬರೆಯೋಣ ಅಂತ ರಾತ್ರಿಯಿಂದ ಹುಡುಕುತ್ತಿದ್ದೇನೆ. ಒಂದೂ ಸಿಗುತ್ತಿಲ್ಲ. ನೀನು ಬರಬೇಕಾದ ಅಗತ್ಯ ಇಲ್ಲಿ ಏನೂ ಇಲ್ಲ.

ಬಾ, ಅಮ್ಮ.

ಗ್ಲೆನ್